ಗಣಿತದ ಅಕ್ಕೋರು ಇಂಗ್ಲಿಷ್ ಕಲಿಸಿದ ಚಳಿಗಾಲ

ಸಿದ್ದಾಪುರದ ನಮ್ಮ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಆ ವರ್ಷ ದೀಪಾವಳಿ ಕಳೆಯುತ್ತಿದ್ದ ಹಾಗೆ ಇಂಗ್ಲಿಷ್ ಟೀಚರಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಬದಲಿಗೆ ಯಾರೂ ಬರಲಿಲ್ಲ. ಹೆಡ್ ಮಾಸ್ತರರು ನನ್ನನ್ನು ಕರೆದು, "ಪಾಠ ಎಲ್ಲ ಮುಗಿದದೆ ಅಕ್ಕೋರೆ, ಹತ್ತನೇ ಕ್ಲಾಸಿಗೆ ಬರೀ ರಿವಿಜನ್ ಮಾಡಿಸಿದ್ರೆ ಆಯ್ತು," ಎಂದರು. ಬರೀ ರಿವಿಜನ್ ತಾನೆ ಎಂದು ನಾನೂ ಒಪ್ಪಿಕೊಂಡೆ.

ಮೊದಲ ದಿನವೇ ಗೊಂದಲ ಶುರುವಾಯಿತು. ಕಥೆಯ ಅಂಗಗಳು ಎಂಬ ಒಂದು ಹಾಳೆಯಿತ್ತು. ಪ್ಲಾಟ್ ಅಂದರೆ ನಡೆದದ್ದು, ಸೆಟ್ಟಿಂಗ್ ಅಂದರೆ ನಡೆದ ಜಾಗ ಮತ್ತು ಹೊತ್ತು. ಇಷ್ಟು ತಿಳಿಯಿತು. ಥೀಮ್ ಎಂಬಲ್ಲಿಗೆ ಬಂದಾಗ ಕಾಲು ಹೂತ ಹಾಗಾಯಿತು. ಅದು ಕಥೆಯ ವಿಷಯವಲ್ಲವಂತೆ, ನೀತಿಯೂ ಅಲ್ಲವಂತೆ. ಹಾಗಾದರೆ ಏನು ಎಂದು ಹಾಳೆ ಹೇಳಿರಲಿಲ್ಲ. ಅದರ ಕೆಳಗೆ ಟೋನ್. ಟೋನ್ ಅಂದರೆ ಧ್ವನಿ ಎಂದು ಬೋರ್ಡಿನ ಮೇಲೆ ಬರೆದೆ. ಕಾಗದದ ಮೇಲೆ ಧ್ವನಿ ಎಲ್ಲಿ ಕೇಳಿಸುತ್ತದೆ ಎಂದು ಮಕ್ಕಳು ಕೇಳಲಿಲ್ಲ. ನಾನೇ ಕೇಳಿಕೊಂಡೆ.

ಒಂದು ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಪುಟ್ಟ ಕಥೆಯಿತ್ತು. ತಮ್ಮನೊಬ್ಬ ಬಹಳ ವರ್ಷಗಳ ಮೇಲೆ ಮೊದಲೇ ತಿಳಿಸದೆ ಸಂಜೆ ಬಸ್ಸಿಗೆ ಊರಿಗೆ ಬರುತ್ತಾನೆ. ಅಕ್ಕ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಳೆ. "ನಾನು ಬಂದೆ," ಎನ್ನುತ್ತಾನೆ. ಅವಳು ತಲೆ ಎತ್ತುವುದಿಲ್ಲ. "ನೀರು ಕಾದಿದೆ, ಮಿಂದು ಬಾ," ಎನ್ನುತ್ತಾಳೆ. ಅಷ್ಟೇ ಕಥೆ. ಅಕ್ಕನ ಮಾತಿನ ಟೋನ್ ಯಾವುದು, ಸಿಟ್ಟೋ, ಪ್ರೀತಿಯೋ, ಉದಾಸೀನವೋ? ಆಧಾರವಾಗಿ ಒಂದು ವಾಕ್ಯ ಕೊಡಿ. ಇದು ಪ್ರಶ್ನೆ.

ನಾನು ಕಥೆಯನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದೆ. ತರಗತಿ ಎರಡು ಪಾಲಾಯಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹುರುಪಿನಲ್ಲಿ ಮನೆಯ ಮಾತಿಗೇ ಇಳಿದು, "ಸಿಟ್ಟಿದ್ದಿದ್ರೆ ಅಕ್ಕ ನೀರು ಕಾಸ್ತಿತ್ತಿಲ್ಲೆ ಅಕ್ಕೋರೆ!" ಎಂದಳು. ನನಗೆ ಸರಿಯೆನ್ನಿಸಿತು. ಆಗ ಕಿಟಕಿಯ ಪಕ್ಕದಿಂದ ದಾಸನಕೊಪ್ಪದ ಹುಡುಗಿ ಎದ್ದು ನಿಂತಳು. ಅವಳು ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದವಳು. ಯಾವತ್ತೂ ಬಾಯಿ ಬಿಟ್ಟವಳಲ್ಲ.

"ನೀರು ಆತಗ ಕಾಸಿದ್ದಲ್ರಿ ಅಕ್ಕೋರ. ಆತ ಬರ್ತಾನಂತ ಆಕಿಗೆ ಗೊತ್ತಿರಲಿಲ್ಲಲ್ರಿ. ತನಗ ಅಂತ ಕಾಸಿಟ್ಟ ನೀರು ಆತಗ ಕೊಟ್ಲು. ಸಿಟ್ಟೂ ಐತಿ, ಕೊಡೂದೂ ಬಿಡಲಿಲ್ಲ."

ನಾನು ದಂಗಾದೆ. ಕಥೆಯ ಅಂಗಗಳ ಹಾಳೆಯಲ್ಲಿ ಇನ್‌ಫರೆನ್ಸ್ ಎಂದು ಬರೆದದ್ದು ಇದನ್ನೇ ಇರಬೇಕು, ಹೇಳದೆ ಬಿಟ್ಟದ್ದನ್ನು ಹೇಳಿದ್ದರಿಂದ ತಿಳಿಯುವುದು. ಖುಷಿಯಲ್ಲಿ, "ಶಾಭಾಸ್! ಯಾವ ವಾಕ್ಯದಿಂದ ತಿಳೀತು? ಅದನ್ನ ಗಟ್ಟಿಯಾಗಿ ಓದು," ಎಂದೆ. ಅವಳು ಕಥೆಯ ಹಾಳೆಯನ್ನು ಎತ್ತಿಕೊಂಡಳು. ತುಟಿ ಅಲುಗಿತು. ಕಣ್ಣು ತುಂಬಿ ಬಂತು. ಹಾಳೆಯನ್ನು ಬೆಂಚಿನ ಮೇಲಿಟ್ಟು ಹೊರಗೆ ಹೋಗಿಬಿಟ್ಟಳು. ಮರುದಿನ ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ.

ನನಗೆ ತಲೆ ಕೆಟ್ಟುಹೋಯಿತು. ಕಥೆಯಲ್ಲಿ ಅಕ್ಕ, ತಮ್ಮ. ಹುಡುಗಿ ಇರುವುದು ಅಪ್ಪನ ಅಕ್ಕನ ಮನೆಯಲ್ಲಿ. ಅಪ್ಪನಿಗೂ ಅತ್ತೆಗೂ ಏನೋ ಮನಸ್ತಾಪ, ನಡುವೆ ಈ ಮಗು ನೋಯುತ್ತಿದೆ, ನಾನು ತುಂಬಿದ ಕ್ಲಾಸಿನಲ್ಲಿ ಆ ಗಾಯ ಕೆದಕಿದೆ ಎಂದು ಲೆಕ್ಕ ಕಟ್ಟಿದೆ. ಭಾನುವಾರ ಶಿರಸಿಯಲ್ಲಿ ಬಸ್ಸು ಬದಲಿಸಿ ಯಲ್ಲಾಪುರಕ್ಕೆ ಹೋದೆ. ವರ್ಗವಾಗಿ ಹೋದ ಇಂಗ್ಲಿಷ್ ಟೀಚರ್ ಮಾಗೋಡು ರಸ್ತೆಯಲ್ಲಿ ಮನೆ ಮಾಡಿದ್ದಳು. ನನ್ನ ಓರಗೆಯವಳು, ನಮ್ಮ ಕಡೆಯವಳೇ. ಅವಳ ಮುಂದೆ ಎಲ್ಲ ಹೇಳಿ, ಸರಿಯುತ್ತರ ಯಾವುದು ಎಂದು ಕೇಳಿದೆ.

"ಎಂತಕ್ಕೆ ಇಷ್ಟು ತಲೆ ಕೆಡಿಸ್ಕತ್ತೆ ಮಾರಾಯ್ತಿ? ಆನು ಯಾವಾಗ್ಲೂ ಸಿಟ್ಟು ಅಂತ್ಲೇ ಬರೆಸ್ತಿದ್ದಿ," ಎಂದಳು. ಆಮೇಲೆ ಕಪಾಟಿನಿಂದ ಉತ್ತರದ ಪುಸ್ತಕ ತೆಗೆದು ನೋಡಿದಳು. ಅದರಲ್ಲಿ ಪ್ರೀತಿ ಎಂದಿತ್ತು. ಅವಳು ಪುಟವನ್ನು ತಿರುಗಿಸಿ, ಮತ್ತೆ ಹಿಂದೆ ತಿರುಗಿಸಿ, "ಇದು ಪ್ರಿಂಟ್ ತಪ್ಪಿಕ್ಕು," ಎಂದು ಪುಸ್ತಕದ ಮೇಲೇ ತಪ್ಪು ಹೊರಿಸಿದಳು. ಹುಡುಗಿಯ ಬಗ್ಗೆ ಕೇಳಿದರೆ, "ಅದೊಂದು ಪಾಪದ ಕೂಸು. ಕಾಪಿ ಪುಸ್ತಕ ಎಲ್ಲ ಚೊಲೋ ಬರೀತಿತ್ತು," ಎಂದಳು. ಹೋಗುವಾಗ ಒಂದೇ ಪ್ರಶ್ನೆಯಿತ್ತು, ಬರುವಾಗ ಎರಡು ಉತ್ತರ ಹೊತ್ತುಕೊಂಡು ಬಂದೆ.

ಸೋಮವಾರ ಶಾಲೆ ಬಿಟ್ಟ ಮೇಲೆ ಸೋದರತ್ತೆಯ ಮನೆಗೇ ಹೋದೆ. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದರು. ನನ್ನನ್ನು ಕಂಡು ಬಟ್ಟೆಯಿಂದ ಕಣ್ಣು ತೆಗೆಯದೆ, "ಕುಂದರ್ರಿ ಅಕ್ಕೋರ. ಚಾ ಕುಡದ ಹೋಗ್ರಿ," ಎಂದರು. ಸಿಟ್ಟೋ, ಮರ್ಯಾದೆಯೋ, ಹೊಲಿಗೆ ಅರ್ಧಕ್ಕೆ ನಿಲ್ಲಿಸಲಾಗದ್ದೋ ತಿಳಿಯದೆ ಕುರ್ಚಿಯ ತುದಿಯಲ್ಲಿ ಕೂತೆ.

"ಮನೇಲಿ ಏನಾದ್ರೂ ತೊಂದರೆ ಇದೆಯಾ? ಅವಳ ಅಪ್ಪ..." ಎಂದು ರಾಗ ಎಳೆದೆ.

"ನನ್ನ ತಮ್ಮಗ ಏನಾಗೇತ್ರಿ? ನಿನ್ನೆ ಅಷ್ಟ ಬಂದು ಊಟ ಮಾಡಿ ಹೋಗ್ಯಾನ. ಮನ್ಯಾಗ ಏನೂ ಇಲ್ರಿ. ಹೊಟ್ಟಿನೋವು ಅಂತ ಮಲಗೇತಿ, ಹೊಟ್ಟಿನೋವು ಸುಳ್ಳು. ನೀವ ಕೇಳ್ರಿ," ಎಂದು ಒಳಗೆ ಕೂಗಿದರು.

ಹುಡುಗಿ ಚಹಾ ಹಿಡಿದು ಬಂದಳು. ನಾನು ಚೀಲದಿಂದ ಅದೇ ಹಾಳೆ ತೆಗೆದು, ಇಲ್ಲಿ ಯಾರೂ ಇಲ್ಲ, ನಿಧಾನ ಓದು ಎಂದೆ. ಅವಳು ಹಾಳೆ ಹಿಡಿದು ಕನ್ನಡದಲ್ಲಿ ಇಡೀ ಕಥೆ ಹೇಳಿದಳು, ಅವರೆಕಾಯಿಯನ್ನೂ ಬಿಡದೆ. ಆದರೆ ಕಣ್ಣು ಸಾಲುಗಳ ಮೇಲೆ ಸರಿಯುತ್ತಲೇ ಇರಲಿಲ್ಲ. ಹಾಳೆಯನ್ನು ತಿರುಗಿಸಿ, ತರಗತಿಯಲ್ಲಿ ನಾನು ಹೇಳಿರದ ಹಿಂದಿನ ಪುಟ ತೋರಿಸಿದೆ. ಅವಳು ಹಾಳೆಯನ್ನು ನನ್ನ ಕೈಗೇ ಮರಳಿಸಿದಳು. ಮಷಿನ್ ನಿಂತಿತು.

"ನನಗ ಇಂಗ್ಲಿಷ್ ಓದಾಕ ಬರೂದಿಲ್ರಿ ಅಕ್ಕೋರ. ನೋಡಿ ಬರೀತೀನಿ ಅಷ್ಟ. ನೀವು ಕನ್ನಡದಾಗ ಹೇಳಿದ್ರಲ್ರಿ, ಅದನ್ನ ಕೇಳಿ ಹೇಳಿದೆ. ನೀವು ಓದು ಅಂದ್ರಿ."

ಅಪ್ಪ, ಅತ್ತೆ, ಮನಸ್ತಾಪ ಎಂದು ನಾನು ಕಟ್ಟಿದ ಲೆಕ್ಕವೆಲ್ಲ ಅಲ್ಲೇ ಕುಸಿಯಿತು. ಇಡೀ ತರಗತಿಯಲ್ಲಿ ಕಥೆಯನ್ನು ಅತ್ಯಂತ ಆಳವಾಗಿ ಓದಿದವಳು ಎಂದು ನಾನು ತಿಳಿದವಳಿಗೆ ಓದಲು ಬರುವುದಿಲ್ಲ. ಹಾಗಾದರೆ ಓದುವುದು ಅಂದರೆ ಯಾವುದು? ಅವಳಿಗೆ ಬರುವುದೋ, ಬಾರದ್ದೋ? ಅತ್ತೆ ಮೊದಲ ಸಲ ನನ್ನ ಮುಖ ನೋಡಿ, "ಈಗ ಕಲಿಸಿದ್ರ ಬರತೈತೇನ್ರಿ?" ಎಂದು ಕೇಳಿದರು. ಬರುತ್ತದೆ ಎಂದೆ. ನನಗೆ ಖಾತ್ರಿಯಿರಲಿಲ್ಲ.

ಮರುದಿನದಿಂದ ಪ್ರಾರ್ಥನೆಗೆ ಮುಂಚೆ ನಾವಿಬ್ಬರೂ ಖಾಲಿ ಕ್ಲಾಸಿನಲ್ಲಿ ಕೂರತೊಡಗಿದೆವು. ಥೀಮ್, ಟೋನ್ ಬದಿಗಿಟ್ಟು ಅಕ್ಷರ ಕೂಡಿಸುವುದಕ್ಕೆ ಹಿಡಿದೆವು. ಅವಳ ಪ್ರಶ್ನೆಗಳು ನನ್ನನ್ನು ಇನ್ನಷ್ಟು ಗೊಂದಲಕ್ಕೆ ಕೆಡವುತ್ತಿದ್ದವು. "ನೈಫ್‌ನಾಗ ಕೆ ಯಾಕ್ರಿ?" "ಗೊತ್ತಿಲ್ಲ." "ಬಟ್ ಅಂತೀವಿ, ಪುಟ್ ಯಾಕ್ರಿ?" "ಗೊತ್ತಿಲ್ಲ ಮಗಾ." ಗಣಿತದಲ್ಲಿ ಇಷ್ಟು ಸಲ ಗೊತ್ತಿಲ್ಲ ಎಂದಿದ್ದರೆ ಕೆಲಸ ಬಿಡಬೇಕಾಗುತ್ತಿತ್ತು. ಅವಳು ನಗುತ್ತಿದ್ದಳು. ನನಗೂ ಗೊತ್ತಿಲ್ಲ ಎನ್ನುವುದು ಅವಳಿಗೆ ಧೈರ್ಯ ಕೊಟ್ಟಿತೋ ಏನೋ, ಒಂದು ಬೆಳಿಗ್ಗೆ ಒಂದು ಪೂರ್ತಿ ವಾಕ್ಯವನ್ನು ಎಲ್ಲೂ ನಿಲ್ಲದೆ ಓದಿದಳು. ಓದಿ ಮುಗಿಸಿ, ಅದರ ಅರ್ಥವೇನೆಂದು ನನ್ನನ್ನೇ ಕೇಳಿದಳು.

ಪರೀಕ್ಷೆಯಲ್ಲಿ ಕಥೆ ಬರಲೇ ಇಲ್ಲ. ಜೇನುಹುಳುಗಳ ಮೇಲೆ ಒಂದು ಗದ್ಯಭಾಗ ಕೊಟ್ಟಿದ್ದರು. ಟೋನ್ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಅವಳು ಹೊರಗೆ ಬಂದು, "ಮೊದಲಿನ ಎರಡು ಸಾಲು ನಾನ ಓದಿದೆ ಅಕ್ಕೋರ. ಉಳಿದದ್ದು ಹಿಂಗ ಇರಬೇಕಂತ ತಿಳಕೊಂಡು ಬರದೆ," ಎಂದಳು. ಪಾಸಾದಳು, ಅಂಚಿನಲ್ಲಿ. ಈಗ ಶಿರಸಿಯಲ್ಲಿ ಕಾಮರ್ಸ್ ಓದುತ್ತಿದ್ದಾಳೆ.

ಜೂನಿನಲ್ಲಿ ಹೊಸ ಇಂಗ್ಲಿಷ್ ಟೀಚರ್ ಬಂದರು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂತು, "ಹೋದ ವರ್ಷ ರಿವಿಜನ್‌ನಲ್ಲಿ ಏನೇನು ಮಾಡಿಸಿದ್ರಿ ಮೇಡಂ?" ಎಂದು ಪೆನ್ನು ಹಿಡಿದು ಕೇಳಿದರು. ಹೇಳಲು ಬಾಯಿ ತೆರೆದೆ. ಕಾದ ನೀರಿನಿಂದ ಶುರು ಮಾಡುವುದೋ, ನೈಫಿನ ಕೆ ಅಕ್ಷರದಿಂದಲೋ? ಬೆಲ್ಲು ಹೊಡೆಯಿತು. ಎಂಟನೇ ತರಗತಿಗೆ ತ್ರಿಭುಜ ಹೇಳಿಕೊಡುವುದಿತ್ತು, ಎದ್ದು ಹೋದೆ.