ಗುಡ್ಡದ ಸೀಳಿನ ಕೆಳಗಿನ ಬಿಳಿ ಗೋಡೆ

ನೀರು ಕಂಡರೆ ಮಾರು ದೂರ ನಿಲ್ಲುವ ಗಂಡಸು ದೋಣಿ ನಡೆಸುವ ಹೆಣ್ಣನ್ನೇ ಮದುವೆಯಾಗಬೇಕೆ? ಆಗಿದ್ದ. ಊರಿನವರಿಗೆ ಅವನು ಸುಣ್ಣದಣ್ಣ, ಅವಳು ದೋಣಿಯಕ್ಕ. ಸರೋವರದ ದಂಡೆಗುಂಟ ಇರುವ ಆ ಊರಿನಲ್ಲಿ ಅವನ ಕೈ ಬೀಳದ ಗೋಡೆ ಇರಲಿಲ್ಲ, ಅವಳ ದೋಣಿ ಹತ್ತದ ಜನ ಇರಲಿಲ್ಲ, ಅವನೊಬ್ಬನನ್ನು ಬಿಟ್ಟು. ಚಿಕ್ಕವನಿದ್ದಾಗ ದಡದ ಮೆಟ್ಟಿಲಿನಿಂದ ಜಾರಿ ನೀರು ಕುಡಿದು, ಯಾರೋ ಜುಟ್ಟು ಹಿಡಿದು ಎಳೆದು ಹಾಕಿದ್ದರಂತೆ. ಅಂದಿನಿಂದ ಮೊಣಕಾಲಿನ ಮೇಲೆ ನೀರು ಸೋಕಿಸಿಕೊಂಡವನಲ್ಲ. ಆಚೆ ದಡದ ಪೇಟೆಗೆ ಹೋಗಬೇಕಾದರೆ ಸರೋವರ ಸುತ್ತಿಕೊಂಡು ಹೋಗುವ ಬಸ್ಸೇ ಗತಿ. "ಹೆಂಡತಿಗೆ ದೋಣಿ ಚಾರ್ಜು ಕೊಡ್ಬೇಕಾಗುತ್ತೆ ಅಂತ ಬಸ್ಸು ಹತ್ತುತ್ತಾನೆ" ಎಂದು ಅಂಗಡಿ ಕಟ್ಟೆಯವರು ಕಿಚಾಯಿಸಿದರೆ ಅವನೂ ನಗುತ್ತಿದ್ದ.

ಮದುವೆಯ ಹೊಸತರಲ್ಲಿ ಮಾತ್ರ ಅವನಿಗೆ ನಗು ಬರುತ್ತಿರಲಿಲ್ಲ. ಸಂಜೆಯಾದರೆ ಅವಳು ಇನ್ನೂ ನೀರಿನ ಮೇಲಿದ್ದಾಳೆಂದು ದಡಕ್ಕೆ ಬಂದು ನಿಲ್ಲುತ್ತಿದ್ದ. ರಾತ್ರಿ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಅವಳು ದೋಣಿ ಕಟ್ಟಿ ಬರುತ್ತಾ ಇವನ ಮುಖ ನೋಡಿ, "ಏನ್ರೀ ಇದು, ಸಮುದ್ರಾನಾ? ಬಚ್ಚಲಲ್ಲಿ ಚೊಂಬು ತೇಲಿಸಿದ ಹಾಗೆ. ಕಣ್ಣು ಮುಚ್ಕೊಂಡು ಬರ್ತೀನಿ" ಅನ್ನುತ್ತಿದ್ದಳು. ದಿನಾ ಅದೇ ಮಾತು. ಕೇಳಿ ಕೇಳಿ ಅವನು ನಂಬಿದ. ನಂಬಿದ ಮೇಲೆ ನಿದ್ದೆ ಬಂತು. ಇಪ್ಪತ್ತು ವರ್ಷ ಹಾಗೇ ನಿಶ್ಚಿಂತೆಯಾಗಿ ಮಲಗಿ ಎದ್ದ.

ಅಷ್ಟರಲ್ಲಿ ಸರ್ಕಾರ ಆ ಸರೋವರವನ್ನೂ ಅದರ ಹಿಂದಿನ ಗುಡ್ಡವನ್ನೂ ರಕ್ಷಿತ ರಮಣೀಯ ಪ್ರದೇಶವೆಂದು ಸಾರಿತು. ಒಂದು ಒಳ್ಳೆಯದಾಯಿತೆನ್ನಬೇಕು. ಗುಡ್ಡದ ನೆತ್ತಿಯ ಮೇಲೆ ಎದ್ದು ಕೂರಲಿದ್ದ ಐದು ಅಂತಸ್ತಿನ ಹೋಟೆಲು ನಕ್ಷೆಯಲ್ಲೇ ಸತ್ತಿತು. ಜೊತೆಗೆ ನಿಯಮಗಳೂ ಬಂದವು. ಮನೆಗಳು ಮರಕ್ಕಿಂತ ಎತ್ತರ ಇರಬಾರದು, ಚಾವಣಿ ಫಳಫಳ ಹೊಳೆಯಬಾರದು, ಗೋಡೆ ಬೆಳ್ಳಗೆ ಕಣ್ಣಿಗೆ ಹೊಡೆಯಬಾರದು. ಆಚೆ ದಡದಲ್ಲಿ ಪ್ರವಾಸಿಗಳು ನಿಂತು ನೋಡಲೆಂದು ಒಂದು ಕಟ್ಟೆ ಕಟ್ಟಿದ್ದರು. ಅಲ್ಲಿಂದ ನೋಡಿದರೆ ಊರು ಗುಡ್ಡದೊಳಗೆ ಕರಗಿ ಹೋಗಿರಬೇಕು ಎಂಬುದು ಎಲ್ಲ ನಿಯಮಗಳ ತಿರುಳು. ಊರೊಳಗೇ ಇರುವವರಿಗೆ ಏನು ಕಾಣಬೇಕು ಅಂತ ಯಾರೂ ಬರೆದಿರಲಿಲ್ಲ, ಊರಿನವರೂ ಕೇಳಲಿಲ್ಲ.

ಬಿಳಿ ಗೋಡೆ ಕೂಡದು ಎಂದರೆ ಸುಣ್ಣ ಬಳಿಯುವವನ ಹೊಟ್ಟೆಗೇ ಹೊಡೆದ ಹಾಗೆ. ಮೊದಲು ಅವನಿಗೆ ಪಿತ್ತ ನೆತ್ತಿಗೇರಿತ್ತು. ಆದರೆ ಇಡೀ ದಂಡೆಗೆ ಹೊಸ ಬಣ್ಣ ಹೊಡೆಯುವ ಕೆಲಸ ಅವನಿಗೇ ಬಂತು. ಯೋಜನಾ ಕಚೇರಿಯ ಮೇಡಂ, ಚಿಕ್ಕ ವಯಸ್ಸಿನವರು, ಖುದ್ದಾಗಿ ಅವನ ಮನೆ ಜಗಲಿಗೆ ಬಂದು, "ಗುಡ್ಡದ ಬಣ್ಣ ಬೇಕು, ಡಬ್ಬಿಯಲ್ಲಿ ಸಿಗೋದಲ್ಲ" ಅಂದರು. ಆ ಮಾತು ಅವನಿಗೆ ನಾಟಿತು. ಗುಡ್ಡದ ಮಣ್ಣನ್ನು ಟವೆಲಿನಲ್ಲಿ ಕಟ್ಟಿ ತಂದು, ಒಣಗಿಸಿ, ಜರಡಿ ಹಿಡಿದು, ಬಕೆಟ್ಟಿಗೊಂದು ಹದ ಮಾಡಿ, ಹಿತ್ತಲ ಗೋಡೆಯ ಮೇಲೆಲ್ಲಾ ತೇಪೆ ಹಾಕಿ ನೋಡಿದ. ಕೊನೆಗೆ ಬಣ್ಣ ಕೂಡಿ ಬಂದ ದಿನ ಹೆಂಡತಿಯನ್ನು ಕೈಹಿಡಿದು ಎಳೆದು ತಂದು ತೋರಿಸಿದ. "ಚೆನ್ನಾಗಿದೆ, ಗೋಡೆ ಇದ್ದ ಹಾಗೇ ಇಲ್ಲ" ಅಂದಳು ಅವಳು. ಬೇರೆ ಪೇಂಟರುಗಳಿಗೆ ಕೆಲಸ ಎದ್ದು ಕಾಣಿಸಿದರೆ ಹೊಗಳಿಕೆ, ಇವನಿಗೆ ಕಾಣಿಸದಿದ್ದರೆ.

ದಂಡೆಯ ಕೊನೆಗೆ, ಗುಡ್ಡದ ಬುಡದಲ್ಲಿ, ಒಂದು ಹಳೇ ಗೋದಾಮಿತ್ತು. ನೀರಿನ ಕಡೆಗೆ ಅದರ ದೊಡ್ಡ ಬಿಳಿ ಗೋಡೆ. ಅದರ ಸರದಿ ಮುಂದಿನ ವಾರಕ್ಕಿತ್ತು, ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಆದರೆ ಆವತ್ತು ಮಧ್ಯಾಹ್ನ ಮೇಡಂ ಅವಸರವಾಗಿ ಬಂದರು. "ನಾಳೆ ಬೆಳಗ್ಗೆ ಊರಿನ ಬಣ್ಣ ನೋಡೋಕೆ ಕಮಿಟಿಯವರು ಕಟ್ಟೆಗೆ ಬರ್ತಿದಾರೆ. ಆ ಗೋದಾಮೊಂದು ಬಿಳಿ ಹಲ್ಲಿನ ಥರ ಕಾಣುತ್ತೆ. ಇವತ್ತೇ ಮುಗಿಸೋಕಾಗುತ್ತಾ?"

"ಆಗುತ್ತೆ ಮೇಡಂ" ಅಂದ. ಕೆಲಸದ ಹುಮ್ಮಸ್ಸಿನಲ್ಲಿದ್ದವನು ಇನ್ನೇನು ಅಂದಾನು? ದೋಣಿಯಕ್ಕ ಆಗಲೇ ಮಧ್ಯಾಹ್ನದ ಸರದಿ ಮುಗಿಸಿ ಆಚೆ ದಡದಲ್ಲಿದ್ದಳು. ಪೇಟೆ ಮುಗಿಸಿ ಬರುವ ಜನರನ್ನು ಕಾದು, ಸಂಜೆ ಕೊನೇ ದೋಣಿಯಲ್ಲಿ ಕರೆತರುವುದು ಅವಳ ರೂಢಿ. ಇವನು ಇಬ್ಬರು ಆಳುಗಳನ್ನು ಹಚ್ಚಿಕೊಂಡು ಗೋಡೆ ಕೆರೆದು, ಎರಡು ಕೈ ಬಣ್ಣ ಎಳೆದ. ಹೊತ್ತು ಮುಳುಗುವಾಗ ಆಚೆ ಕಟ್ಟೆಯಿಂದಲೇ ಮೇಡಂ ಫೋನು ಮಾಡಿದರು. "ಗೋದಾಮು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ. ಏನು ಕೈ ನಿಮ್ಮದು!" ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆಳುಗಳನ್ನು ಮನೆಗೆ ಕಳಿಸಿ, ಬ್ರಷ್ಷು ತೊಳೆಯುತ್ತಾ ಕೂತ.

ಆಗ ಮಾವ ಬಂದರು. ಹೆಂಡತಿಯ ಅಪ್ಪ. ಒಂದು ಕಾಲದಲ್ಲಿ ಆ ದೋಣಿ ನಡೆಸುತ್ತಿದ್ದವರೇ ಅವರು. ಈಗ ಮಗಳ ಮನೆಯಲ್ಲೇ ಇದ್ದು, ಸಂಜೆ ಕೋಲೂರಿಕೊಂಡು ದಡಕ್ಕೆ ಬಂದು ಕೂರುತ್ತಿದ್ದರು. ಮುದುಕರು ಕೂರಲಿಲ್ಲ. ಗುಡ್ಡ ನೋಡಿದರು, ನೀರು ನೋಡಿದರು, ಮತ್ತೆ ಗುಡ್ಡ ನೋಡಿದರು.

"ಗೋಡೆ ಎಲ್ಲಪ್ಪಾ?"

"ಇಲ್ಲೇ ಇದೆಯಲ್ಲ ಮಾವ. ಬಣ್ಣ ಹೊಡೆದೆ."

"ಅಯ್ಯೋ ಪುಣ್ಯಾತ್ಮ. ನಿನ್ನ ಹೆಂಡತಿ ಏನು ನೋಡ್ಕೊಂಡು ಬರ್ಬೇಕು?"

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಮಾವ ಕೋಲೆತ್ತಿ ತೋರಿಸಿದರು. ಗುಡ್ಡದ ನೆತ್ತಿಯಲ್ಲಿ ಒಂದು ಸೀಳಿತ್ತು. ಆ ಸೀಳಿನ ನೇರ ಕೆಳಗೆ ಗೋದಾಮಿನ ಬಿಳಿ ಗೋಡೆ ಬರುವಂತೆ ಹಿಡಿದುಕೊಂಡು ಬಂದರೆ ದೋಣಿಗೆ ದಾರಿ. ಒಂದಿಷ್ಟು ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ ನೀರೊಳಗೆ ಹಲ್ಲಿನಂತೆ ಚೂಪಾಗಿ ಎದ್ದ ಬಂಡೆಗಳು. ಹಗಲಾದರೆ ನೀರಿನ ಬಣ್ಣ ನೋಡಿ ಬಂಡೆ ಗುರುತು ಹಿಡಿಯಬಹುದು. ಕತ್ತಲಾಗುವ ಹೊತ್ತಿಗೆ ಗೋಡೆಯೊಂದೇ ಗುರುತು. ತಮ್ಮ ಅಪ್ಪನ ಕಾಲದಿಂದಲೂ ಹೀಗೇ ಎಂದರು ಮುದುಕರು. ನೋಟಿಸು ಬಂದಾಗ ದೋಣಿಯವರು ಯಾರೂ ಉಸಿರೆತ್ತಿರಲಿಲ್ಲ. ಅದರಲ್ಲಿ ಮನೆಗಳು ಎಂದಿತ್ತು, ಪಾಳು ಗೋದಾಮಿಗೆ ಯಾರು ಬಣ್ಣ ಹೊಡೆಸುತ್ತಾರೆ ಅಂದುಕೊಂಡಿದ್ದರು.

"ಬಂಡೆನಾ?" ಅಂದ ಅವನು. ಇಪ್ಪತ್ತು ವರ್ಷದಲ್ಲಿ ಅವನ ಕಿವಿಗೆ ಆ ಮಾತು ಬಿದ್ದದ್ದು ಅದೇ ಮೊದಲು.

ಫೋನು ತೆಗೆದು ಹೆಂಡತಿಗೆ ಮಾಡಿದ. ಬೆನ್ನ ಹಿಂದೆಯೇ ಇದ್ದ ತಮ್ಮ ಮನೆಯ ಅಡುಗೆ ಕೋಣೆಯಿಂದಲೇ ರಿಂಗ್ ಕೇಳಿಸಿತು. ಚಾರ್ಜಿಗೆ ಹಾಕಿ ಮರೆತು ಹೋಗಿದ್ದಳು. ನೀರಿನ ಮೇಲೆ ಗಾಳಿ ಎದ್ದಿತ್ತು, ದಡಕ್ಕೆ ಬಂದು ಬಡಿಯುತ್ತಿತ್ತು. ದೂರದಲ್ಲಿ ಕಪ್ಪು ಚುಕ್ಕೆಯಾಗಿ ದೋಣಿ ಕಂಡಿತು.

"ದೀಪ ತೋರಿಸ್ಲಾ ಮಾವ?"

"ದಡದ ತುಂಬಾ ದೀಪ ಇದೆ. ಯಾವುದನ್ನ ಅಂತ ನಂಬ್ತಾಳೆ? ಸುಮ್ನಿರು, ಇಂಜಿನ್ ಸದ್ದು ಕೇಳು." ಮುದುಕರು ಕಿವಿಗೆ ಕೈ ಒಡ್ಡಿದರು. "ನಿಧಾನ ಮಾಡಿದ್ಳು. ಹುಡುಕ್ತಿದಾಳೆ. ನಿಂತ್ರೆ ಗಾಳಿ ಬಂಡೆ ಕಡೆಗೇ ತಳ್ಳುತ್ತೆ."

ಅವನು ಬಣ್ಣದ ಸಾಮಾನಿಡುವ ಶೆಡ್ಡಿಗೆ ಓಡಿದ. ಬಿಳಿ ಪೇಂಟು ಇರಲಿಲ್ಲ, ನಿಯಮ ಬಂದ ಮೇಲೆ ಊರಲ್ಲೇ ಯಾರೂ ತರಿಸುತ್ತಿರಲಿಲ್ಲ. ಮೂಲೆಯಲ್ಲಿ ಸುಣ್ಣದ ಪುಡಿಯ ಚೀಲ ಬಿದ್ದಿತ್ತು. ಕೈ ತಾನಾಗಿ ಬಕೆಟ್ಟಿನ ಕಡೆಗೆ ಹೋಯಿತು, ಹಾಗೇ ನಿಂತಿತು. ಕಲಸಿದ ಸುಣ್ಣ ಬಳಿದ ಕೂಡಲೇ ಬೆಳ್ಳಗಾಗುವುದಿಲ್ಲ, ಒಣಗಿದ ಮೇಲೆಯೇ ಬಿಳಿ ಬರುವುದು. ನಾಳೆ ಬೆಳಗ್ಗೆ ಬೆಳ್ಳಗಾಗುವ ಗೋಡೆ ಕಟ್ಟಿಕೊಂಡು ಏನು ಮಾಡಲಿ? ಆಮೇಲೆ ಹೊಳೆಯಿತು, ಗೋಡೆ ಇನ್ನೂ ಹಸಿಯಿದೆ.

ಚೀಲವನ್ನು ಹೆಗಲ ಮೇಲೆ ಹೊತ್ತು ಗೋದಾಮಿಗೆ ಓಡಿದ. ಏಣಿ ಹತ್ತಿ, ಒಣ ಸುಣ್ಣವನ್ನು ಬೊಗಸೆಯಲ್ಲಿ ತೆಗೆದು ಗೋಡೆಗೆ ಎರಚಿದ. ತನ್ನ ಜೀವಮಾನದ ಅತಿ ಒಳ್ಳೆಯ ಕೆಲಸದ ಮೇಲೆ, ಎಡಕ್ಕೆ, ಬಲಕ್ಕೆ, ತಲೆ ಮೇಲಕ್ಕೆ. ದೋಣಿಯನ್ನು ಬಂಡೆಗೆ ತಳ್ಳುತ್ತಿದ್ದ ಗಾಳಿಯೇ ಪುಡಿಯನ್ನು ಒಯ್ದು ಹಸಿ ಬಣ್ಣಕ್ಕೆ ಅಂಟಿಸಿತು. ಕಣ್ಣು ಉರಿಯಿತು, ಬೆವರಿದ ಅಂಗೈ ಸುಡತೊಡಗಿತು. ಏಣಿ ಇಳಿದ, ಸರಿಸಿದ, ಹತ್ತಿದ. ಕೆಳಗಿನಿಂದ ಮಾವ ಒಂದೇ ಸಮನೆ ಹೇಳುತ್ತಿದ್ದರು. "ಇನ್ನೂ ನಿಧಾನ ಆಯ್ತು... ಬಲಕ್ಕೆ ಹೋಗ್ತಿದಾಳೆ, ತಪ್ಪು, ತಪ್ಪು... ಮೇಲಕ್ಕೆ ಹಾಕಪ್ಪಾ, ಮೇಲಕ್ಕೆ."

ಚೀಲ ಕೊಡವಿದ. ಇನ್ನು ಎರಚಲು ಏನೂ ಇರಲಿಲ್ಲ. ಏಣಿಯ ಮೇಲೇ ತಿರುಗಿ ನೀರು ನೋಡಿದ. ಚುಕ್ಕೆ ಅಲ್ಲೇ ಅಡ್ಡಾದಿಡ್ಡಿ ಹೊಯ್ದಾಡುತ್ತಿತ್ತು. ಮಾವ ಕಿವಿಗೆ ಕೈ ಒಡ್ಡಿ ನಿಂತಿದ್ದರು. ಅಷ್ಟು ಹೊತ್ತು ಬೊಗಸೆ ಎರಚುವಾಗ ಇಲ್ಲದ ಭಯ ಈಗ ಬಂದು ಅವನ ಕಾಲು ಹಿಡಿಯಿತು.

ಇಂಜಿನ್ ಸದ್ದು ಒಮ್ಮೆ ಕೆಮ್ಮಿದಂತಾಗಿ ಏರಿತು.

"ನೋಡಿದ್ಳು" ಅಂದರು ಮಾವ, ಮತ್ತು ಅಲ್ಲೇ ನೆಲದ ಮೇಲೆ ಕುಸಿದು ಕೂತರು.

ದೋಣಿ ದಡ ಮುಟ್ಟಿದಾಗ ಜನ ಒಬ್ಬೊಬ್ಬರಾಗಿ ಇಳಿದರು. ಕೂಸು ಎತ್ತಿಕೊಂಡಿದ್ದ ಒಬ್ಬ ಹೆಂಗಸು ದೋಣಿಯಕ್ಕನ ಕೈ ಮುಟ್ಟಿ ಹೋದಳು. ದೋಣಿಯಕ್ಕ ಹಗ್ಗ ಕಟ್ಟಿ, ಗೋಡೆ ನೋಡಿ, ಗಂಡನನ್ನು ನೋಡಿದಳು. ಹುಬ್ಬು, ಮೀಸೆ, ತಲೆ ಎಲ್ಲಾ ಬಿಳಿ. ಅಂಗೈ ಮಾತ್ರ ಕೆಂಪಗೆ ಸುಲಿದಿತ್ತು. ಅವಳು ಅವನ ತೋಳು ಹಿಡಿದು ನೀರಿಗೇ ಎಳೆದುಕೊಂಡು ಹೋದಳು, ಸೊಂಟದ ತನಕ. ಅವನ ಕೈಗಳನ್ನು ನೀರಲ್ಲಿ ಅದ್ದಿ ಹಿಡಿದು, ಮುಖಕ್ಕೆ ನೀರೆರಚಿ ತೊಳೆದಳು. ನೀರಿಗೆ ಹೆದರಬೇಕೆಂಬುದು ಅವನಿಗೆ ನೆನಪೇ ಆಗಲಿಲ್ಲ.

"ನಂಗೆ ಗೊತ್ತಿರ್ಲಿಲ್ಲ ಕಣೇ" ಅಂದ.

ಅವಳು ಅವನ ಅಂಗೈಗಳನ್ನು ಮತ್ತೆ ನೀರಿಗೆ ಅದ್ದಿದಳು.

ಬೆಳಗ್ಗೆ ಮೇಡಂ ಬಂದು ಗೋಡೆ ನೋಡಿ ತಲೆ ಮೇಲೆ ಕೈ ಹೊತ್ತರು. ಹಿಟ್ಟಿನಲ್ಲಿ ಬಿದ್ದೆದ್ದು ಬಂದ ಹಾಗಿತ್ತು ಅದು. "ಕಮಿಟಿಯವರು ಇನ್ನೇನು ಬರ್ತಾರೆ. ನಾನು ಏನು ಹೇಳ್ಲಿ?"

"ಕಟ್ಟೆ ಮೇಲೆ ನಿಲ್ಲಿಸ್ಬೇಡಿ ಮೇಡಂ" ಅಂದ ಅವನು, ಬಟ್ಟೆ ಸುತ್ತಿದ ಕೈಗಳನ್ನು ಎದೆಗೆ ಒತ್ತಿಕೊಂಡು. "ಇವಳ ದೋಣಿಯಲ್ಲಿ ಕರ್ಕೊಂಡ್ಬನ್ನಿ. ಅಲ್ಲಿಂದ ನೋಡ್ಲಿ. ನಾನೂ ಬರ್ತೀನಿ."

ದೋಣಿಯಕ್ಕ ತಿರುಗಿ ಅವನನ್ನು ನೋಡಿದಳು. ತಮಾಷೆ ಮಾಡುತ್ತಿಲ್ಲ ಅಂತ ಖಚಿತವಾದ ಮೇಲೆ ದೋಣಿಯ ಹಗ್ಗ ಬಿಚ್ಚಿದಳು.

ಹೋಗುವಾಗ ಅವನು ಕಣ್ಣು ಬಿಡಲಿಲ್ಲ. ಬರುವಾಗ ಬಿಡಲೇಬೇಕಾಯಿತು. ಕಮಿಟಿಯ ಹಿರಿಯರು ಮೂವರು ಮುಂದೆ ಕೂತಿದ್ದರು, ಮೇಡಂ ನಡುವೆ, ಅವನು ಹಿಂದೆ ಹೆಂಡತಿಯ ಕಾಲ ಬಳಿ. ಗುಡ್ಡದ ಸೀಳು, ಅದರ ಕೆಳಗೆ ತನ್ನ ಹರಕು ಮುರುಕು ಬಿಳಿ. ಜೀವನವಿಡೀ ಗೋಡೆಗಳನ್ನು ಒಂದು ತೋಳಿನ ದೂರದಿಂದ ನೋಡಿದವನು ಮೊದಲ ಸಲ ಒಂದು ಗೋಡೆಯನ್ನು ನೀರಿನ ಮೇಲಿಂದ ನೋಡುತ್ತಿದ್ದ. ಅವಳು ಇಂಜಿನ್ ತಗ್ಗಿಸಿದಳು. ಎಡಗಡೆ ನೀರಿನ ಕೆಳಗೆ ಕಪ್ಪು ಬಂಡೆ ಜಾರಿ ಹೋಯಿತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಬಲಗಡೆ ಇನ್ನೊಂದು. ಮುಂದೆ ಕೂತವರು ದೋಣಿಯ ಅಂಚು ಬಿಗಿಯಾಗಿ ಹಿಡಿದರು. ಸ್ವಲ್ಪ ದೂರ ಬಂದ ಮೇಲೆ ಹಿರಿಯರಲ್ಲೊಬ್ಬರು ಮೇಡಂ ಕಡೆ ತಿರುಗಿ, "ಆ ಗೋಡೆ ಬಿಳೀನೇ ಇರಲಿ ಅಂತ ಬರ್ಕೊಳ್ಳಮ್ಮ" ಅಂದರು.

ಅವನಿಗೆ ಅದು ಕೇಳಿಸಿತೋ ಇಲ್ಲವೋ. ಹಲಗೆ ಹಿಡಿದಿದ್ದ ಕೈಯ ಗಾಯ ಮತ್ತೆ ಬಾಯ್ಬಿಟ್ಟಿತ್ತು.

"ದಿನಾ ಇಲ್ಲೇ ಬರ್ತಿದ್ಯಾ?" ಅಂದ, ಹೆಂಡತಿಗೆ ಮಾತ್ರ ಕೇಳುವಂತೆ.

"ಬೇರೆ ದಾರಿ ಎಲ್ಲಿದೆ?"

"ಚೊಂಬು ತೇಲಿಸಿದ ಹಾಗೆ ಅಂತಿದ್ದೆಯಲ್ಲೇ."

ಅವಳು ಗೋಡೆಯಿಂದ ಕಣ್ಣು ಕೀಳಲಿಲ್ಲ.

"ಹಾಗನ್ನದೇ ಇದ್ದಿದ್ರೆ ನಿಮಗೆ ನಿದ್ದೆ ಬರ್ತಿತ್ತಾ?" ಅಂದಳು.