ಮನೆ ತುಂಬ ಮೀನು, ಮೈಯಲ್ಲಿ ರಕ್ತವಿಲ್ಲ

ನಾನು ತಲೆ ತಿರುಗಿ ಬಿದ್ದದ್ದು ನಾನು ಕೆಲಸಕ್ಕಿರುವ ಬಟ್ಟೆ ಅಂಗಡಿಯ ಮದುವೆ ಸೀರೆಗಳ ವಿಭಾಗದಲ್ಲಿ. ಏಪ್ರಿಲ್ ಮುಗಿಯುತ್ತಾ ಬಂದಿತ್ತು. ಕುಂದಾಪುರದಲ್ಲಿ ಆಗ ಫ್ಯಾನಿನ ಗಾಳಿಯೂ ಬಿಸಿ. ಒಬ್ಬ ಮದುಮಗಳು, ಅವಳ ತಾಯಿ, ಜೊತೆಗೆ ಬಂದ ನೆಂಟರು ಬಿಳಿ ಹಾಸಿನ ಮೇಲೆ ಆರಾಮವಾಗಿ ಕುಳಿತಿದ್ದರು. ಬೆಳಿಗ್ಗೆಯಿಂದ ನಿಂತೇ ಇದ್ದ ನಾನು ಒಂದೊಂದೇ ಸೀರೆ ಬಿಡಿಸಿ ಹೆಗಲ ಮೇಲೆ ಹಾಕಿ ತೋರಿಸುತ್ತಿದ್ದೆ. ಆ ನೇರಳೆ ಬಣ್ಣದ್ದನ್ನು ಇನ್ನೊಮ್ಮೆ ತೋರಿಸಿ ಎಂದರು. ಮೇಲಿನ ಕಪಾಟಿಗೆ ಕೈ ಎತ್ತಿದೆ, ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ನಮ್ಮ ವಿಭಾಗದ ಹಿರಿಯ ಅಕ್ಕ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ಅವರ ಹಿಂದೆ ನಿಂತಿದ್ದ ಧಣಿಯ ಮಾತು ಕಿವಿಗೆ ಬಿತ್ತು.

"ಸೀರಿಗ್ ಎಂತ ಆಯ್ಲಿಲ್ಲ ಅಲ್ದಾ?"

ಸೀರೆಗೆ ಏನೂ ಆಗಿರಲಿಲ್ಲ. ಬೀಳುವಾಗಲೂ ನಾನು ಅದನ್ನು ಎದೆಗವಚಿಕೊಂಡೇ ಬಿದ್ದಿದ್ದೆನಂತೆ.

ಆ ಅಂಗಡಿಯಲ್ಲಿ ಹೆಂಗಸರಿಗೆ ಸಮವಸ್ತ್ರವೆಂದರೆ ಪಾಲಿಯೆಸ್ಟರ್ ಸೀರೆ. ನೆರಿಗೆಗೆ ಪಿನ್ನು, ಸೆರಗಿಗೆ ಪಿನ್ನು, ಕುತ್ತಿಗೆಯವರೆಗೆ ಮುಚ್ಚಿದ ರವಿಕೆ. ಗಂಡಸರಿಗೆ ತೆಳ್ಳನೆಯ ಅರ್ಧ ತೋಳಿನ ಕಾಟನ್ ಅಂಗಿ. ಅವರಲ್ಲಿ ಬಿಲ್ಲು ಬರೆಯುವವರಿಗೆ, ಅಳತೆ ಕತ್ತರಿಸುವವರಿಗೆ ಸ್ಟೂಲು. ನಮಗೆ ಕೂರಲು ಏನೂ ಇಲ್ಲ. ಕೂತರೆ ಗಿರಾಕಿಗಳಿಗೆ ಚೆನ್ನಾಗಿ ಕಾಣುವುದಿಲ್ಲವಂತೆ. ಶೌಚಾಲಯ ಗೋದಾಮಿನ ಹಿಂದೆ. ಎರಡನೇ ಸಲ ಹೋದರೆ "ಮತ್ತ್ ಹೊರ್ಟ್ಯಾ?" ಎಂಬ ಮಾತು ಬರುತ್ತಿತ್ತು. ಹಾಗಾಗಿ ನಾವು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆವು. ಬಾಗಿಲ ಬಳಿ ಗಾಜಿನ ಒಳಗೆ ನಿಲ್ಲಿಸಿದ್ದ ಗೊಂಬೆಗೆ ಮಾರ್ಚಿನಲ್ಲೇ 'ಬೇಸಿಗೆಯ ಹೊಸ ಉಡುಪು' ಬಂದಿತ್ತು: ತೋಳಿಲ್ಲದ ಹತ್ತಿಯ ಕುರ್ತಾ, ತಿಳಿ ಹಸಿರು. ಬೆವರದ ಗೊಂಬೆಗೆ ಹತ್ತಿ. ಬೆವರಿನಲ್ಲಿ ನೆಂದು ನಿಂತ ನಮಗೆ ಪಾಲಿಯೆಸ್ಟರ್. ಬೇಸಿಗೆಗೆ ಯಾವುದು ತಂಪು, ಮಳೆಗಾಲಕ್ಕೆ ಯಾವುದು ಬೇಗ ಒಣಗುತ್ತದೆ ಎಂದು ಗಿರಾಕಿಗಳಿಗೆ ದಿನವಿಡೀ ವಿವರಿಸುವುದೇ ನಮ್ಮ ಕೆಲಸ. ಆ ಮಾತುಗಳು ನಮ್ಮ ಮೈಗೂ ಅನ್ವಯಿಸುತ್ತವೆ ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಅಕ್ಕ ನನ್ನನ್ನು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಹೆಂಗಸು, ಈ ಕಡೆಯವರೇ. ನನ್ನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು. ರಕ್ತ ಪರೀಕ್ಷೆ ಮಾಡಿಸಿದರು. ಚೀಟಿ ನೋಡಿ, "ರಕ್ತ ತುಂಬಾ ಕಡ್ಮಿ ಇತ್ತಲೆ. ಊಟಕ್ಕೆಂತ ಮಾಡ್ತ್ರಿ?" ಎಂದು ಕೇಳಿದರು.

ನನಗೆ ಅವಮಾನವಾದಂತಾಯಿತು. "ನಮ್ಗೆಂತಕ್ ಕಡ್ಮಿ ಡಾಕ್ಟ್ರೇ? ನಮ್ದ್ ಗಂಗೊಳ್ಳಿ. ಅಪ್ಪಯ್ಯ, ಅಣ್ಣ ಬೋಟಿಗೆ ಹೋತ್ರ್. ಅಮ್ಮ ಮೀನ್ ಮಾರ್ತ್ರ್. ನಮ್ಮನಿಯಂಗ್ ದಿನಾ ಮೀನೇ" ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಅದ್ ಸರಿ. ನಿಮ್ ಬಟ್ಲಿಗೆ ಬಪ್ದ್ ಯಾವ ತುಂಡ್?"

ನನಗೆ ಉತ್ತರ ಗೊತ್ತಿತ್ತು. ಹುಟ್ಟಿದಾಗಿನಿಂದ ಮೀನಿನ ಮನೆಯಲ್ಲಿ ಬೆಳೆದ ನನಗೆ ದುಬಾರಿ ಮೀನಾದ ಅಂಜಲಿನ ನಡುತುಂಡು ತಿಂದ ನೆನಪೇ ಸರಿಯಾಗಿ ಇರಲಿಲ್ಲ. ನೆಂಟರು ಬಂದ ದಿನ ಉಳಿದಿದ್ದರೆ ತಿಂದಿರಬಹುದು. ನನಗೆ ಬರುತ್ತಿದ್ದುದು ಬಂಗುಡೆಯ ಬಾಲ, ಅಮ್ಮನಿಗೆ ಸಾರು. ಪಾತ್ರೆಯ ತಳದಲ್ಲಿ ಉಳಿದ ಸಾರಿಗೆ ಅನ್ನ ಹಾಕಿ ಪಾತ್ರೆಯಲ್ಲೇ ಕಲಸಿ ತಿನ್ನುವುದು ಅವಳ ರೂಢಿ. ಅದನ್ನು ನೋಡಿ ನೋಡಿ, ಅಮ್ಮನಿಗೆ ಅದೇ ಇಷ್ಟ ಎಂದು ನಾನೂ ನಂಬಿದ್ದೆ.

ಮರುವಾರ ಹಟ ಮಾಡಿ ಅಮ್ಮನನ್ನೂ ಅದೇ ಡಾಕ್ಟರ ಬಳಿಗೆ ಕರೆದೊಯ್ದೆ. ಅವಳ ರಕ್ತ ನನ್ನದಕ್ಕಿಂತಲೂ ಕಡಿಮೆ. "ಇಷ್ಟ್ ರಕ್ತ ಇಟ್ಕಂಡ್ ನೀವ್ ಮೀನ್ ಬುಟ್ಟಿ ಹೊತ್ಕಂಡ್ ತಿರ್ಗುದಾ?" ಎಂದು ಡಾಕ್ಟರು ಗದರಿದರು. ಅಮ್ಮ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ನಕ್ಕಳು. ಮಾತ್ರೆ ಬರೆದರು. ಸೊಪ್ಪು, ಕಾಳು, ಮೊಟ್ಟೆ, ಮೀನು ಎಲ್ಲ ಹೊಟ್ಟೆ ತುಂಬ ತಿನ್ನಬೇಕು, ಊಟದ ಹಿಂದೆಯೇ ಚಾ ಕುಡಿಯಬಾರದು ಎಂದರು. ಬಸ್ಸಿನಲ್ಲಿ ಬರುವಾಗ ಅಮ್ಮ ನನ್ನ ಕೈ ಹಿಡಿದು, "ಅಪ್ಪಯ್ಯನ್ ಹತ್ರ ಹೇಳುಕಾಗ, ಹೆಣೆ. ಸುಮ್ನೆ ತಲಿ ಬಿಸಿ ಮಾಡ್ಕಂತ್ರ್" ಎಂದು ನನ್ನ ಬಾಯಿ ಕಟ್ಟಿದಳು.

ತನ್ನ ಮೈಯ ರಕ್ತ ಬತ್ತಿದ ಸುದ್ದಿಯಿಂದಲೂ ಗಂಡನಿಗೆ ತೊಂದರೆಯಾಗಬಾರದು! ನನಗೆ ಸಿಟ್ಟಿನಿಂದ ಕಣ್ಣೀರು ಬಂತು. ಕಿಟಕಿಯ ಕಡೆ ತಿರುಗಿ ಕೂತೆ.

ಅಂಗಡಿಗೆ ಮರಳಿದ ದಿನ ನಾನು ಸಮವಸ್ತ್ರ ಉಡಲಿಲ್ಲ. ತೊಳೆದು ತೊಳೆದು ಮೆತ್ತಗಾದ ಹತ್ತಿಯ ಚೂಡಿದಾರ ಹಾಕಿಕೊಂಡು ಹೋದೆ. ಧಣಿ ಬಾಗಿಲಲ್ಲೇ ತಡೆದರು.

"ಇದೆಂತ ವೇಷ? ಇದ್ ಬಟ್ಟಿ ಅಂಗ್ಡಿ, ಮೀನ್ ಮಾರ್ಕೆಟ್ ಅಲ್ಲ."

ಬೇರೆ ಏನು ಹೇಳಿದ್ದರೂ ಬಹುಶಃ ಸುಮ್ಮನಿರುತ್ತಿದ್ದೆ. ಆ ಮಾತಿಗೆ ಮೈ ಉರಿದುಹೋಯಿತು.

"ಮೀನ್ ಮಾರ್ಕೆಟಂಗ್ ನಮ್ಮಮ್ಮ ಕೂಕಂಡ್ ಮಾರ್ತ್ರ್. ಬಾಯಾರ್ಕಿ ಆದ್ರೆ ನೀರ್ ಕುಡಿತ್ರ್. ಇಲ್ಲ್ ಎರಡೂ ಇಲ್ಲ" ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿತು.

ಧಣಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿರಿಯ ಅಕ್ಕ ಒಳಗಿನಿಂದ ಬಂದರು. ಆ ಅಂಗಡಿ ಶುರುವಾದಾಗಿನಿಂದ ಅಲ್ಲೇ ಇದ್ದವರು. ಎಂದೂ ಎದುರು ಮಾತಾಡಿದವರಲ್ಲ. "ಅವ್ಳ್ ಹೇಳುದ್ ಹೌದ್. ನಂಗೂ ಕಾಲ್ ಬಾತ್ ಹೋಯ್ತ್. ಗೊಂಬಿಗಾರೂ ಸೆಕಿಗಾಲದಂಗ್ ಬಟ್ಟಿ ಬದ್ಲಿ ಮಾಡ್ತ್ರಿ, ನಾವ್ ಮನ್ಷರಲ್ದಾ?" ಎಂದು, ಸೀರೆಯನ್ನು ಸ್ವಲ್ಪ ಎತ್ತಿ ಊದಿದ ಪಾದ ತೋರಿಸಿದರು. ಧಣಿ ಮುಖ ತಿರುಗಿಸಿದರು. ಮಾರನೆಯ ದಿನ ನಮ್ಮ ವಿಭಾಗದ ಹೆಂಗಸರೆಲ್ಲ ಹತ್ತಿಬಟ್ಟೆಯಲ್ಲೇ ಬಂದೆವು. ಅದು ಮದುವೆ ವ್ಯಾಪಾರದ ಭರಾಟೆಯ ಕಾಲ. ನಮ್ಮನ್ನೆಲ್ಲ ಮನೆಗೆ ಕಳಿಸಿದರೆ ಸೀರೆ ಬಿಡಿಸುವವರು ಯಾರು? ಬೇಸಿಗೆಗೆ ಹತ್ತಿ ಸೀರೆ, ಮಳೆಗಾಲಕ್ಕೆ ಚೂಡಿದಾರ ಎಂದು ಧಣಿ ಒಪ್ಪಿದರು. ಸ್ಟೂಲುಗಳನ್ನೂ ತರಿಸಿದರು. ಆದರೆ ಅವನ್ನು ಇಟ್ಟದ್ದು ಗಿರಾಕಿಗಳ ಕಣ್ಣಿಗೆ ಬೀಳದ ಕಂಬದ ಹಿಂದೆ. ನಾವು ಕೂರುವುದು ಈಗಲೂ ಕದ್ದು ಮಾಡುವ ಕೆಲಸವೇ. ಇದನ್ನು ಗೆಲುವು ಎಂದು ಕೆಲವರು ಹೇಳಿದರು. ಮನುಷ್ಯರು ಕೂರುವುದಕ್ಕೂ ಜಗಳ ಮಾಡಬೇಕಾಯಿತಲ್ಲ ಎಂದು ನನಗೆ ಇನ್ನಷ್ಟು ಸಿಟ್ಟು ಬಂದಿತ್ತು.

ಆ ಸಿಟ್ಟನ್ನು ಹೊತ್ತೇ ನಾನು ಮನೆಯ ಊಟದ ಹೊತ್ತನ್ನು ನೋಡತೊಡಗಿದೆ.

ಜೂನ್ ಬಂತು. ಮೀನುಗಳು ಮೊಟ್ಟೆಯಿಡುವ ಕಾಲವೆಂದು ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅಪ್ಪಯ್ಯ, ಅಣ್ಣ ಮನೆಯಲ್ಲೇ. ಬೆಳಿಗ್ಗೆ ದಡದ ಶೆಡ್ಡಿನಲ್ಲಿ ಬಲೆ ಹೊಲಿಯುವವರ ಜೊತೆ ಒಂದಿಷ್ಟು ಹೊತ್ತು, ಆಮೇಲೆ ಇಸ್ಪೀಟು, ಮಧ್ಯಾಹ್ನ ನಿದ್ದೆ. ಕಡಲಿನಲ್ಲಿ ಅವರು ಪಡುವ ಕಷ್ಟ ನನಗೆ ಗೊತ್ತು. ವಿಶ್ರಾಂತಿ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅಮ್ಮನಿಗೆ ಅಂಥದೊಂದು ಕಾಲವೇ ಇಲ್ಲ. ಬೋಟು ನಿಂತರೆ ಅವಳು ಹೊಳೆ ಮೀನು, ಒಣಮೀನು ಹಿಡಿದು ಹೊರಡುತ್ತಾಳೆ.

ಒಂದು ರಜೆಯ ದಿನ ನಾನು ಮನೆಯಲ್ಲಿದ್ದೆ. ಜೋರು ಮಳೆ. ಅಮ್ಮ ಪೇಟೆಯಿಂದ ಬಂದವಳು ಒದ್ದೆ ಸೀರೆಯನ್ನೂ ಬದಲಿಸದೆ ಒಲೆಯ ಮುಂದೆ ನಿಂತಳು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ, "ಅವ್ರಿಗ್ ಹಸು ಆಯ್ತ್" ಎಂದು ಗಂಡಸರ ಹಸಿವನ್ನೇ ಮುಂದಿಟ್ಟಳು. ಆ ದಿನ ಮೀನು ಸಿಕ್ಕಿದ್ದೇ ಸ್ವಲ್ಪ. ಅಪ್ಪಯ್ಯ, ಅಣ್ಣ ಬಂದು ಕೂತರು. ಅಮ್ಮ ಸೌಟು ಹಾಕಿ ತುಂಡುಗಳನ್ನು ಹುಡುಕಿ ಹುಡುಕಿ ಇಬ್ಬರಿಗೂ ಬಡಿಸಿದಳು. ಪಾತ್ರೆಯಲ್ಲಿ ಕೆಂಪು ಸಾರು ಮಾತ್ರ ಉಳಿಯಿತು.

"ನಿಂಗೆಲ್ಲಿತ್ತ್?" ಎಂದು ಕೇಳಿದೆ.

"ನಂಗ್ ಸಾರೇ ಸಾಕ್. ಅವ್ರ್ ಕಡ್ಲಿಗ್ ಹೋಪರ್."

"ಬೋಟ್ ದಡದಂಗ್ ಇತ್ತ್. ಈಗ ಕಡ್ಲಿಗ್ ಹೋಪರ್ ಯಾರ್? ಮಳಿಯಂಗ್ ನೆನ್ಕಂಡ್ ಬಂದರ್ ಯಾರ್?"

"ಬಾಯ್ ಮುಚ್ಚ್" ಎಂದಳು ಅಮ್ಮ.

ನಾನು ಮುಚ್ಚಲಿಲ್ಲ. ಅಮ್ಮನಿಗೂ ಒಂದು ಬಟ್ಟಲಿಟ್ಟು, ಅಣ್ಣನ ಬಟ್ಟಲಿನಿಂದ ಒಂದು ತುಂಡು ತೆಗೆದು ಅದಕ್ಕೆ ಹಾಕಿದೆ. ಅಣ್ಣ ತಲೆ ಎತ್ತಿ, "ನಿಂಗೆಂತ ಹುಚ್ಚ್ ಹಿಡ್ದಿತಾ? ಪ್ಯಾಟಿಗ್ ಕೆಲ್ಸಕ್ ಹೋಯಿ ದೊಡ್ ಮನ್ಷಿ ಆದ್ಯಾ?" ಎಂದ. ಅಮ್ಮನ ಮುಖ ಕೆಂಪಾಯಿತು. "ಉಂಬುಕ್ ಕೂತರ್ ಬಟ್ಲಿಗ್ ಕೈ ಹಾಕುದಾ?" ಎಂದು ನನಗೆ ಬೈದು, ಆ ತುಂಡನ್ನು ಮತ್ತೆ ಅವನ ಬಟ್ಟಲಿಗೇ ಹಾಕಿದಳು. ಅವನು ಅದನ್ನು ಮುರಿದು ಬಾಯಿಗಿಟ್ಟ. ಅವಳ ಕಡೆ ನೋಡಲೂ ಇಲ್ಲ.

ಅವನು ಕೆಟ್ಟವನಲ್ಲ. ನನಗೆ ಜ್ವರ ಬಂದರೆ ಬೈಕಿನಲ್ಲಿ ಕೂರಿಸಿಕೊಂಡು ಓಡುವವನು. ಅಂಥವನಿಗೂ ಅಮ್ಮನ ಖಾಲಿ ಬಟ್ಟಲು ಕಾಣಲಿಲ್ಲ ಎಂಬುದೇ ನನ್ನನ್ನು ಕೆರಳಿಸಿತು.

"ಅಮ್ಮನ್ ಮೈಯಂಗ್ ರಕ್ತ ಇಲ್ಲ, ಅಪ್ಪಯ್ಯ" ಎಂದುಬಿಟ್ಟೆ. "ಡಾಕ್ಟ್ರ್ ಬೈದಿರ್. ನಿಮ್ಗ್ ಹೇಳುಕಾಗ ಅಂತ ಅಮ್ಮ ನನ್ ಬಾಯ್ ಕಟ್ಟಿರ್."

ಅಪ್ಪಯ್ಯನ ಕೈ ಬಟ್ಟಲಲ್ಲೇ ನಿಂತಿತು. ಅವರು ಮಾತು ಕಡಿಮೆಯ ಮನುಷ್ಯ. ಅಮ್ಮನ ಕಡೆ ತಿರುಗಿ, "ಹೌದಾ?" ಎಂದು ಕೇಳಿದರು. ಅಮ್ಮ ಸೌಟನ್ನು ಸುಮ್ಮನೆ ಪಾತ್ರೆಯಲ್ಲಿ ಆಡಿಸುತ್ತಿದ್ದಳು. ಅಪ್ಪಯ್ಯ ತಮ್ಮ ತಾಯಿಯನ್ನು ನೆನೆದು ಹೇಳಿದರು:

"ನನ್ ಅಬ್ಬಿ ಎಂತ ಉಂತಿದ್ಲ್ ಅಂತ ನಾನ್ ಒಂದಿನವೂ ಕಂಡದ್ದಿಲ್ಲ. ನಾವ್ ಉಂಡ್ ಎದ್ ಹೋತಿತ್."

ಅವರು ತಮ್ಮ ಬಟ್ಟಲಿನ ನಡುತುಂಡನ್ನು ಅಮ್ಮನ ಬಟ್ಟಲಿಗೆ ಇಟ್ಟರು. ಅಮ್ಮ ಬೇಡವೆಂದು ಬಟ್ಟಲನ್ನು ಹಿಂದಕ್ಕೆಳೆದಳು. "ತಿನ್ನ್. ನಾನ್ ಕಾಂತೆ" ಎಂದು ಅಪ್ಪಯ್ಯ ಅವಳನ್ನೇ ನೋಡುತ್ತಾ ಕೂತರು. ಅಮ್ಮ ಒದ್ದೆ ಸೀರೆಯಲ್ಲೇ ಗೋಡೆಯ ಕಡೆ ಮುಖ ಮಾಡಿ ಕೂತು ತಿಂದಳು. ತನ್ನ ಮನೆಯಲ್ಲಿ, ತಾನೇ ಕೊಂಡು ತಂದು, ತಾನೇ ಬೇಯಿಸಿದ ಮೀನನ್ನು ಅವಳು ನಾಚಿಕೊಂಡು ತಿಂದಳು. ನನ್ನ ಕಣ್ಣಿಗೆ ಆ ದೃಶ್ಯ ಇಂದಿಗೂ ಚುಚ್ಚುತ್ತದೆ.

ಒಂದೇ ದಿನದಲ್ಲಿ ಮನೆ ಬದಲಾಗುವುದಿಲ್ಲ. ಮೊದಮೊದಲು ಅಮ್ಮ ನಾನಿಲ್ಲದ ಹೊತ್ತು ನೋಡಿ ತನ್ನ ಪಾಲನ್ನು ಅಣ್ಣನಿಗೆ ಹಾಕುತ್ತಿದ್ದಳು. ಹಾಗಾಗಿ ನಾಲ್ವರೂ ಒಟ್ಟಿಗೆ ಕೂರದೆ ಯಾರೂ ಊಟಕ್ಕೆ ಕೈ ಹಾಕುವಂತಿಲ್ಲ ಎಂದು ಹಟ ಹಿಡಿದೆ. ಅಣ್ಣ ಗೊಣಗಿದ, ಮೂರು ದಿನ ನನ್ನೊಡನೆ ಮಾತು ಬಿಟ್ಟ. ಆಮೇಲೆ ತಾನೇ ಹಿತ್ತಿಲಿನ ಮರ ಹತ್ತಿ ನುಗ್ಗೆಸೊಪ್ಪು ಕೊಯ್ದು ಕೊಟ್ಟ. ಆದರೆ ನೀರು ಬೇಕಾದರೆ ಈಗಲೂ ಕೂತಲ್ಲಿಂದಲೇ "ಅಮ್ಮಾ" ಎಂದು ಕೂಗುತ್ತಾನೆ. ಫೋನಿನಲ್ಲಿ ಆರೋಗ್ಯದ ಊಟದ ಬಗ್ಗೆ ಪಾಠ ಹೇಳುವವರು ಬಣ್ಣಬಣ್ಣದ ಹಣ್ಣು, ಹೆಸರೇ ಕೇಳದ ಬೀಜಗಳನ್ನು ತೋರಿಸುತ್ತಾರೆ. ನಮ್ಮ ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಹರಿವೆ ಇತ್ತು, ಹೆಸರುಕಾಳು ಇತ್ತು, ಊರ ಮುಂದೆ ಮೀನಿನ ಕಡಲೇ ಇತ್ತು. ಕೊನೆಯಲ್ಲಿ ಉಣ್ಣುವವಳ ಬಟ್ಟಲಿಗೆ ಅದು ತಲುಪುತ್ತಿರಲಿಲ್ಲ, ಅಷ್ಟೇ. ಅದನ್ನು ಯಾವ ವಿಡಿಯೋ ಹೇಳುತ್ತದೆ?

ಅಮ್ಮನಿಗೆ ನಮ್ಮ ಅಂಗಡಿಯಿಂದ ಹತ್ತಿ ಸೀರೆಗಳನ್ನೂ ತಂದುಕೊಟ್ಟೆ. ಅವಳು ಮುಟ್ಟಿ ನೋಡಿ, "ಸೆಕಿಗಾಲಕ್ಕ್ ಲಾಯ್ಕಿತ್ತ್. ಮಳಿಗಾಲಕ್ ಇದ್ ಒಣ್ಗುದಿಲ್ಲ, ನಂಗ್ ನೈಲಾನೇ ಆಯ್ಕ್" ಎಂದಳು. ಹೌದಲ್ಲ ಎನಿಸಿತು. ತನಗೆ ಏನು ಬೇಕೆಂದು ಅವಳು ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಚೌತಿಯ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡಿಸಿದೆವು. ನನ್ನದು ಸುಧಾರಿಸಿತ್ತು. ಅಮ್ಮನದು ನಿಧಾನವಾಗಿ ಏರುತ್ತಿತ್ತು. ಎಷ್ಟೋ ವರ್ಷದ ಕೊರತೆ, ಬೇಗ ತುಂಬುವುದಿಲ್ಲ ಎಂದರು ಡಾಕ್ಟರು.

ಅಷ್ಟರಲ್ಲಿ ಕೇರಿಯಲ್ಲಿ ಸುದ್ದಿ ಹಬ್ಬಿತ್ತು. ಅಪ್ಪಯ್ಯ ಬಾವಿಕಟ್ಟೆಯಲ್ಲಿ ತಮ್ಮ ಬಟ್ಟಲು ತೊಳೆಯುವುದನ್ನು ಯಾರೋ ನೋಡಿದ್ದರು. ಪಕ್ಕದ ಮನೆಯ ಹೆಂಗಸು ಬಂದು ಅಮ್ಮನಿಗೆ, "ನೀನ್ ಪುಣ್ಯ ಮಾಡಿದ್ಯೆ ಮರಾಯ್ತಿ. ಹೆಂಡ್ತಿಗ್ ಮೀನ್ ಹಾಕಿ, ಬಟ್ಲ್ ತೊಳೂ ಗಂಡ ಯಾರಿಗ್ ಸಿಕ್ತ್ರ್?" ಎಂದರು. ಅಮ್ಮ ನಕ್ಕಳು. ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು.

ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ಅಪ್ಪಯ್ಯನನ್ನು ನಾನೂ ಪ್ರೀತಿಸುತ್ತೇನೆ. ಆದರೆ ಒಂದು ಮಳೆಗಾಲ ಒಂದು ಬಟ್ಟಲು ತೊಳೆದವರ ಹೆಸರು ಕೇರಿ ತುಂಬ ಹಬ್ಬಿತು. ಮದುವೆಯಾಗಿ ಬಂದ ದಿನದಿಂದ ಎಲ್ಲರ ಬಟ್ಟಲು ತೊಳೆದು, ಸಾರು ಕುಡಿದು ಮಲಗಿದವಳಿಗೆ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಹೊರಗೆ ಬಂದು ಆ ಹೆಂಗಸಿಗೆ ಅದನ್ನೇ ಹೇಳಿದೆ. ಅವರು ಅಮ್ಮನ ಮುಖ ನೋಡಿದರು. ಅಮ್ಮ ಈ ಸಲ ನನ್ನ ಬಾಯಿ ಮುಚ್ಚಿಸಲಿಲ್ಲ.