ವಿಶ್ವರಾಧ್ಯರ ಪಿಸ್ತೂಲಿನ ಹಿಡಿಕೆ

ಸುರಪುರದ ವಿಶ್ವರಾಧ್ಯರು ಇದುವರೆಗೆ ಒಮ್ಮೆಯೂ ಗುರಿ ತಪ್ಪಿದವರಲ್ಲ. ತಪ್ಪೇನಿದ್ದರೂ ಅವರ ಏರ್ ಪಿಸ್ತೂಲಿನ ಮರದ ಹಿಡಿಕೆಯದು. ಹೀಗಾಗಿ ಪ್ರತಿ ಶೂಟಿಂಗ್ ಸ್ಪರ್ಧೆ ಸೋತು ಬಂದೊಡನೆ ಅದನ್ನು ಹೆಬ್ಬೆರಳಿನ ಕಡೆ ಒಂದಿಷ್ಟು ಅರದಿಂದ ಉಜ್ಜಿ, ಅಂಗೈ ಕಡೆ ಒಂದಿಷ್ಟು ಎಂ-ಸೀಲ್ ಅಂಟು ಮೆತ್ತುತ್ತಾರೆ. “ಕೈಗಿ ಆರಾಮ ಆಗೋಹಂಗ ಹಿಡಿಕಿ ಕೆತ್ಕೋಬಹುದ್ರಿ, ಮುಂಗೈಗಿ ಮಾತ್ರ ಆಸರ ಕೊಡಬಾರದು ಅಂತ ರೂಲ್ಸ್ ಅದ” ಎಂದು ಚಹಾದಂಗಡಿಯಲ್ಲಿ ಕೇಳದವರಿಗೂ ಪಾಠ ಹೇಳುತ್ತಾರೆ. ರೂಲ್ಸ್ ಮೀರದೆ ಉಜ್ಜಿ ಉಜ್ಜಿ ಹಿಡಿಕೆ ಈಗ ಇಲಿ ಕಡಿದ ಗೆಣಸಿನಂತಾಗಿದೆ. “ಈ ಸಲ ಬರೋಬ್ಬರಿ ಕುಂತದ ನೋಡು” ಎಂದು ಹೆಂಡತಿ ಕಸ್ತೂರಿಗೆ ತೋರಿಸುತ್ತಾರೆ. “ಹೌದ್ರಿ, ಎಲ್ಲಾ ಆ ಕಟಗೀದೇ ತಪ್ಪು” ಎನ್ನುತ್ತ ಆಕೆ ಚಹಾ ತಂದು ಕೊಡುತ್ತಾಳೆ. ಅವರ ಕೈಯಲ್ಲಿ ತುಳುಕದಿರಲೆಂದು, ಈಗೀಗ ಅರ್ಧ ಕಪ್ ಮಾತ್ರ ತುಂಬಿಸಿರುತ್ತಾಳೆ.